‘ನೋಡೋಣ’ ಎಂದದ್ದಕ್ಕೆ ಬಂದ ಮೆಟ್ಟಿಲು

ಕಳೆದ ಮಾರ್ಚ್ ಹದಿನಾಲ್ಕನೆಯ ತಾರೀಕು, ಗುರುವಾರ, ಒಬ್ಬ ನಿವೃತ್ತ ನೌಕರರು ತಮ್ಮ ಹೊಸ ಕಾರನ್ನು ಮನೆಗೆ ತರಲು ಗಾಜಿನ ಗೋಡೆಗಳ ಮಳಿಗೆಯೊಂದಕ್ಕೆ ಹೋದರು. ಅವರು ಕೇಳದಿದ್ದ ನಾಲ್ಕು ವಸ್ತುಗಳು ಅಷ್ಟು ಹೊತ್ತಿಗೆ ಆ ಕಾರಿಗೆ ತಗುಲಿಕೊಂಡಿದ್ದವು. ಅವುಗಳಲ್ಲೊಂದನ್ನು ಕೂರಿಸುವ ಸಲುವಾಗಿ ಕಾರಿನ ತಳವನ್ನೇ ಕೊರೆಯಲಾಗಿತ್ತು. ಮಳಿಗೆಯವರು ಇದಕ್ಕೆ ‘ಸಣ್ಣ ತಪ್ಪು ತಿಳಿವಳಿಕೆ’ ಎಂಬ ಹೆಸರಿಟ್ಟಿದ್ದಾರೆ. ಕೊರೆಯುವ ಯಂತ್ರಕ್ಕೆ ತಿಳಿವಳಿಕೆಯೆಂಬುದು ಇರುವುದಿಲ್ಲ, ತಪ್ಪಾಗಿಯೂ ಇರುವುದಿಲ್ಲ. ಅದನ್ನು ಯಾರಾದರೂ ಕೈಯಲ್ಲಿ ಹಿಡಿದಿರಲೇಬೇಕು. ಆದುದರಿಂದ ನಡೆದದ್ದನ್ನು ನಡೆದ ಹಾಗೆಯೇ ಹೇಳುವುದು ಅಗತ್ಯವಾಗಿದೆ.

ಆ ಹಿರಿಯರನ್ನು ಊರೆಲ್ಲ ‘ನೋಡೋಣಪ್ಪ’ ಎಂದೇ ಕರೆಯುತ್ತದೆ. ಅದು ತಂದೆತಾಯಿ ಇಟ್ಟ ಹೆಸರಲ್ಲ, ನೀರು ಸರಬರಾಜು ಕಚೇರಿಯ ದೂರಿನ ಕಿಟಕಿ ಕೊಟ್ಟ ಬಿರುದು. ನಲ್ಲಿಯಲ್ಲಿ ಗಾಳಿ ಮಾತ್ರ ಬರುತ್ತಿದೆ ಎಂದು ದೂರುವವರಿಗೂ, ನೀರಿನ ಜೊತೆ ಎರೆಹುಳು ಬರುತ್ತಿದೆ ಎಂದು ಕಿರುಚುವವರಿಗೂ, ಕಿಟಕಿಯ ಒಳಗಿನಿಂದ ಅವರು ಕೊಡುತ್ತಿದ್ದುದು ಒಂದೇ ಉತ್ತರ: “ನೋಡೋಣ.” ಹಾವೂ ಸಾಯಬಾರದು, ಕೋಲೂ ಮುರಿಯಬಾರದು. “ಆಗಲ್ಲ ಅಂದ್ರೆ ಮನುಷ್ಯ ಬಾಗಿಲಲ್ಲೇ ಕುಸೀತಾನೆ. ನೋಡೋಣ ಅಂದ್ರೆ ಮನೆ ತನಕ ನಡ್ಕೊಂಡು ಹೋಗ್ತಾನೆ. ಆಮೇಲೆ ಕುಸಿದ್ರೆ ಅವರ ಮನೆಯೋರು ನೋಡ್ಕೋತಾರೆ,” ಎಂಬುದು ಅವರ ಸಿದ್ಧಾಂತ. ‘ಬೇಡ’, ‘ಇಲ್ಲ’, ‘ಆಗಲ್ಲ’ ಎಂಬ ಮೂರು ಮಾತುಗಳನ್ನು ಅವರು ಸೇವಾವಧಿಯಲ್ಲಿ ಉಚ್ಚರಿಸಿದ್ದಕ್ಕೆ ಸಾಕ್ಷಿ ಸಿಗುವುದಿಲ್ಲ.

ಈ ಭಾಷೆಯನ್ನು ಮೊದಲು ಕಲಿತವರು ಅವರ ಪತ್ನಿ. ಮದುವೆಯಾದ ಹೊಸದರಲ್ಲಿ ಆಕೆ ಸಮುದ್ರ ನೋಡಬೇಕೆಂದು ಆಸೆಪಟ್ಟರು. ಗಂಡ ನೋಡೋಣ ಎಂದರು. “ನಾನು ಪೆದ್ದಿ, ಬಟ್ಟೆ ಮಡಚಿ ಪೆಟ್ಟಿಗೆ ತುಂಬಿಕೊಂಡು ಬಾಗಿಲಲ್ಲಿ ಕೂತಿದ್ದೆ,” ಎಂದು ಆಕೆ ಇಂದಿಗೂ ಹೇಳುತ್ತಾರೆ. “ಇವರು ಆಫೀಸಿಂದ ಬಂದು, ‘ತೌರಿಗೆ ಹೊರಟ್ಯಾ?’ ಅಂತ ಕೇಳಿದ್ರು.” ಅಂದಿನಿಂದ ಆ ಮನೆಯಲ್ಲಿ ನೋಡೋಣ ಎಂದರೆ ಇಲ್ಲವೆಂದೇ ಅರ್ಥ.

ಹೀಗಿದ್ದವರಿಗೆ ಹೊಸ ಕಾರು ಏಕೆ ಬೇಕಾಯಿತೆಂದರೆ, ಆಕೆಯ ಮಂಡಿಗಾಗಿ. ಹಳೆಯ ಕಾರಿನ ಸೀಟು ನೆಲಕ್ಕೆ ತೀರ ಹತ್ತಿರವಿತ್ತು. ಅದರಲ್ಲಿ ಕೂತ ಮೇಲೆ ಆಕೆಯನ್ನು ಇಬ್ಬರು ಹಿಡಿದೆತ್ತಬೇಕಿತ್ತು. ಊರಿನ ಇನ್ನೊಂದು ತುದಿಯಲ್ಲಿರುವ ಅಕ್ಕನ ಮನೆಗೆ ಹೋಗುವುದನ್ನೇ ಆಕೆ ನಿಲ್ಲಿಸಿಬಿಟ್ಟಿದ್ದರು. “ಅಕ್ಕನ ಮನೆ ಬಾಗಿಲಲ್ಲಿ ಮೂಟೆ ಇಳಿಸಿದ ಹಾಗೆ ನನ್ನ ಇಳಿಸೋದು ಬೇಡ. ಅವಳು ನನಗಿಂತ ದೊಡ್ಡೋಳು, ಇನ್ನೂ ಹಗ್ಗ ಹಾರೋ ಹಾಗೆ ಓಡಾಡ್ತಾಳೆ. ನನ್ನ ಮಾನ ಏನಾಗಬೇಕು?”

ಆದುದರಿಂದ ಗಂಡ ಹೆಂಡತಿ ಹಲವು ಮಳಿಗೆ ಸುತ್ತಿದರು. ಪರೀಕ್ಷೆ ಒಂದೇ. ಆಕೆ ಕಾರಿಗೆ ಬೆನ್ನು ಕೊಟ್ಟು ನಿಲ್ಲಬೇಕು, ಹಾಗೆಯೇ ಕುಳಿತುಕೊಳ್ಳಬೇಕು, ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆ ತಿರುಗಿಸಬೇಕು. ಇಳಿಯುವಾಗ ಯಾರ ಕೈಯನ್ನೂ ಹಿಡಿಯಬಾರದು. ಎಂಜಿನ್ನು, ಮೈಲೇಜು, ಬಣ್ಣ ಎಲ್ಲವೂ ಆಮೇಲೆ. ಗಾಜಿನ ಮಳಿಗೆಯ ಬೂದು ಬಣ್ಣದ ಕಾರು ಈ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಆಕೆ ಕುಳಿತರು, ಇಳಿದರು. ಸುಮ್ಮನೆ ಸಂತೋಷಕ್ಕೆಂದು ಮತ್ತೆ ಕುಳಿತರು, ಮತ್ತೆ ಇಳಿದರು.

ಆಕೆ ಹೀಗೆ ಸಂಭ್ರಮಿಸುತ್ತಿರುವಾಗ, ಟೈ ಕಟ್ಟಿದ ಮಾರಾಟಗಾರನೊಬ್ಬ ನೋಡೋಣಪ್ಪನವರನ್ನು ಮೂಲೆಯ ಮೇಜಿಗೆ ಕರೆದೊಯ್ದ.

“ಸರ್, ಸೀಟಿಗೆ ಮೆತ್ತನೆ ಕವರ್ ಹಾಕ್ಸಿಬಿಡೋಣ್ವಾ? ಅಮ್ಮಂಗೆ ಸೋಫಾ ಥರ ಇರುತ್ತೆ.”

“ನೋಡೋಣ.”

“ಬಾಗಿಲ ಕೆಳಗೆ ಕಾಲಿಡೋಕೆ ಒಂದು ಮೆಟ್ಟಿಲು? ವಯಸ್ಸಾದೋರಿಗೆ ಅಂತಾನೇ ಮಾಡಿರೋದು ಸರ್.”

“ನೋಡೋಣಪ್ಪ.”

“ಒಳಗೆ ಕಾಲ ಹತ್ತಿರ ನೀಲಿ ದೀಪ?”

“ಅದನ್ನೂ ನೋಡೋಣ.”

“ಮೇಲೆ ಲಗೇಜಿಗೆ ಕಂಬಿ?”

ಈ ಸಲ ಅವರು ಕೈಯನ್ನೂ ಆಡಿಸಿ, “ನೋಡೋಣ, ನೋಡೋಣ” ಎಂದು ಎರಡು ಬಾರಿ ಹೇಳಿದರು. ಅವರ ನಿಘಂಟಿನಲ್ಲಿ ಇದಕ್ಕಿಂತ ಕಠೋರವಾದ ನಿರಾಕರಣೆ ಇರಲಿಲ್ಲ.

ಆಗ ಮಾರಾಟಗಾರನಿಗೆ ಒಂದು ಫೋನು ಬಂತು. “ಹೌದಾ? ಅದೇ ಬೂದು ಗಾಡೀನಾ? ಇವತ್ತೇ ಬೇಕಾ? ಇಲ್ಲ ಇಲ್ಲ, ಇಲ್ಲೊಬ್ರು ಹಿರಿಯರು ಕೂತಿದಾರೆ...” ಹೆಂಡತಿಯ ಕಾರು ಬೇರೆಯವರ ಪಾಲಾಗುತ್ತದೆಂದು ಹೆದರಿ ಹಿರಿಯರು ಅಲ್ಲೇ ಮುಂಗಡ ಕಟ್ಟಿದರು.

“ಅವನು ಫೋನು ತಲೆಕೆಳಗೆ ಹಿಡಿದಿದ್ದ ಕಣ್ರೀ,” ಎಂದರು ಆಕೆ, ಹಿಂದಿರುಗುವ ದಾರಿಯಲ್ಲಿ.

“ಮತ್ತೆ ಅಲ್ಲೇ ಹೇಳಬಾರದಿತ್ತೇನೇ?”

“ಪಾಪ, ಅಷ್ಟು ಚೆನ್ನಾಗಿ ಮಾತಾಡ್ತಿದ್ದ. ಮಧ್ಯದಲ್ಲಿ ಯಾಕೆ ನಿಲ್ಲಿಸೋದು ಅಂತ ಸುಮ್ಮನಾದೆ. ನೀವು ಅಷ್ಟರಲ್ಲೇ ದುಡ್ಡು ಕಟ್ತೀರ ಅಂತ ನನಗೇನು ಗೊತ್ತು?”

ಇನ್ನು ಹದಿನಾಲ್ಕನೆಯ ತಾರೀಕಿನ ವಿಷಯ. ಮಳಿಗೆಯ ನಡುವೆ ಕಾರಿನ ಮೇಲೆ ಹೊದಿಸಿದ್ದ ಬಟ್ಟೆಯನ್ನು ಮಾರಾಟಗಾರ ಎಳೆದ. ಕಾರು ಮದುಮಗನಂತೆ ನಿಂತಿತ್ತು: ತಲೆಯ ಮೇಲೆ ಕಂಬಿ, ಒಳಗೆ ನೀಲಿ ಬೆಳಕು, ಸೀಟಿನ ಮೇಲೆ ಉಬ್ಬಿದ ಹೊದಿಕೆ, ಬಾಗಿಲ ಕೆಳಗೆ ಹೊರಕ್ಕೆ ಚಾಚಿದ ಮೆಟ್ಟಿಲು. ಮೂಗಿಗಿಂತ ಮೂಗುತಿಯೇ ಭಾರ. ಆಕೆ ಎಂದಿನಂತೆ ಬೆನ್ನು ಕೊಟ್ಟು ನಿಂತರು. ಹಿಮ್ಮಡಿಗೆ ಮೆಟ್ಟಿಲು ತಾಗಿತು. ಮುಂದೆ ಸರಿದು ಪ್ರಯತ್ನಿಸಿದರೆ ಸೀಟು ದೂರವಾಯಿತು. ಹೇಗೋ ಅಂಚಿನಲ್ಲಿ ಕುಳಿತರೆ, ನುಣುಪಾದ ಉಬ್ಬು ಹೊದಿಕೆ ಆಕೆಯನ್ನು ಮೆಲ್ಲಗೆ ಹೊರಕ್ಕೇ ಜಾರಿಸತೊಡಗಿತು. ವಯಸ್ಸಾದವರಿಗೆಂದೇ ಮಾಡಿದ ಆ ಮೆಟ್ಟಿಲು, ವಯಸ್ಸಾದ ಒಬ್ಬರು ತಾವಾಗಿಯೇ ಹತ್ತಬಲ್ಲವರಾಗಿದ್ದ ಕಾರನ್ನು ಅವರಿಂದ ಕಿತ್ತುಕೊಂಡಿತ್ತು.

ಮಾರಾಟಗಾರ ಓಡಿ ಬಂದ. “ಕೈ ಕೊಡಿ ಅಮ್ಮ, ಹಿಡ್ಕೋತೀನಿ.”

ಆಕೆ ಆ ಕೈಯನ್ನೇ ನೋಡಿದರು. “ಈ ಕೈ ಬೇಡ ಅಂತಾನೇ ಕಣಪ್ಪ ನಾವು ಈ ಕಾರು ಆರಿಸಿದ್ದು. ಇದನ್ನೆಲ್ಲ ಹಾಕು ಅಂದೋರು ಯಾರು?”

“ಸರ್ರೇ! ಒಂದೊಂದಕ್ಕೂ ಕೇಳ್ದೆ ಅಮ್ಮ. ನೋಡೋಣ ಅಂದ್ರು. ಈಗ ನೋಡಿ, ಹೇಗೆ ಮಿಂಚ್ತಿದೆ!”

ಆಕೆಗೆ ಸಿಟ್ಟಿನ ನಡುವೆಯೂ ನಗು ತಡೆಯಲಾಗಲಿಲ್ಲ. “ಅಯ್ಯೋ ಮಗನೇ, ಇವರ ನೋಡೋಣ ನಂಬಿ ನಾನು ಇವತ್ತಿಗೂ ಸಮುದ್ರ ನೋಡಿಲ್ಲ. ನೀನು ಅದನ್ನೇ ನಂಬಿ ಕಾರಿಗೆ ತೂತು ಕೊರೆದ್ಯಾ?”

ವ್ಯವಸ್ಥಾಪಕರು ಬಂದರು. ನಗುಮುಖ, ಮೃದುವಾದ ಮಾತು. “ಕೊರೆದು ಕೂರಿಸಿರೋದು ಸರ್, ತೆಗೆಯೋಕೆ ಬರಲ್ಲ. ಸ್ವಲ್ಪ ಹೊಂದಿಸ್ಕೊಳ್ಳಿ. ನಾಲ್ಕಕ್ಕೂ ಸೇರಿಸಿ ರಿಯಾಯಿತಿ ಕೊಡ್ತೀನಿ, ಉಳಿದದ್ದು ಕಟ್ಟಿ ಗಾಡಿ ತಗೊಂಡು ಹೋಗಿ. ಆಗಬಹುದಾ?”

ಎಲ್ಲರೂ ನೋಡೋಣಪ್ಪನವರ ಮುಖವನ್ನೇ ನೋಡಿದರು. ಅವರ ತುಟಿಗಳು ರೂಢಿಯಂತೆ ದುಂಡಗಾಗತೊಡಗಿದವು. ಆ ಆಕಾರವನ್ನು ಆಯುಷ್ಯವಿಡೀ ಕಂಡಿದ್ದ ಪತ್ನಿ ತಕ್ಷಣ ಎಚ್ಚರಿಸಿದರು. “ರೀ, ಈಗ ನೋಡೋಣ ಅಂದ್ರೆ ಆ ಕಡೆ ಬಾಗಿಲಿಗೂ ಒಂದು ಮೆಟ್ಟಿಲು ಹಾಕಿಬಿಡ್ತಾರೆ!”

ದುಂಡಗಾಗಿದ್ದ ತುಟಿಗಳು ಮುಚ್ಚಿಕೊಂಡವು. ಅವರು ಸೀಟಿನ ಅಂಚಿನಲ್ಲಿ ಇನ್ನೂ ಜಾರುತ್ತಿದ್ದ ಹೆಂಡತಿಯ ಕಡೆ ನೋಡಿದರು, ಬಾಯಿ ತೆರೆದರು. ಮೊದಲನೆಯ ಸಲ ಧ್ವನಿಯೇ ಹೊರಡಲಿಲ್ಲ. ಎರಡನೆಯ ಸಲ ಅಳತೆ ತಪ್ಪಿ ಹೊರಟಿತು.

“ಬೇಡ!”

ಗಾಜಿನ ಗೋಡೆಗಳು ಝುಮ್ಮೆಂದವು. ಪಕ್ಕದ ಮೇಜಿನಲ್ಲಿ ಇನ್ನೊಬ್ಬ ಗ್ರಾಹಕ, ಎದುರಿನ ಮಾರಾಟಗಾರ ತೋರಿಸುತ್ತಿದ್ದ ಚಿತ್ರಗಳನ್ನು ಬಿಟ್ಟು, ಬೆಚ್ಚಿ ತಲೆಯೆತ್ತಿ, “ಹಾಗಾದ್ರೆ ನನಗೂ ಬೇಡ,” ಎಂದ. ಅವನಿಗೆ ಏನು ಬೇಡವಾಯಿತೋ ತಿಳಿಯಲಿಲ್ಲ.

“ಇಷ್ಟು ವರ್ಷ ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ?” ಎಂದು ಪತ್ನಿ ಕೇಳಿದರು. ಅದು ತಮ್ಮ ಬಾಯಿಂದಲೇ ಬಂತೇ ಎಂಬ ಅನುಮಾನ ನೋಡೋಣಪ್ಪನವರಿಗೆ ಇನ್ನೂ ಹೋಗಿರಲಿಲ್ಲ. ಹೊಸ ಕಾರಿನಲ್ಲೇ ಮರಳುವೆವೆಂದು ಬಂದಿದ್ದ ಇಬ್ಬರೂ ಕಾರಿಲ್ಲದೆ ಬಸ್ಸು ಹಿಡಿದರು. ಹತ್ತುವಾಗ ಆಕೆ ತಾವಾಗಿಯೇ ಗಂಡನ ಕೈ ಹಿಡಿದು, “ಇವತ್ತು ಈ ಕೈ ನಡೆಯುತ್ತೆ ಬಿಡಿ,” ಎಂದರು.

ನಂತರ ಹಿರಿಯರು ಮೂರು ಸಲ ಮಳಿಗೆಗೆ ಹೋಗಿ, ಕೊರೆಯದ ಕಾರನ್ನಾದರೂ ಕೊಡಿ, ಇಲ್ಲವೇ ಮುಂಗಡವನ್ನು ಹಿಂದಿರುಗಿಸಿ ಎಂದು ಕೇಳಿದ್ದಾರೆ. ಮೂರು ಸಲವೂ ವ್ಯವಸ್ಥಾಪಕರು ಎದ್ದು ನಿಂತು, ನಗುನಗುತ್ತಾ ಕೊಟ್ಟ ಉತ್ತರ: “ನೋಡೋಣ ಸರ್.”

ಮಳಿಗೆಯ ವ್ಯವಸ್ಥಾಪಕರೇ, ಆ ಮಾತಿಗೆ ನೋಡೋಣಪ್ಪನವರ ಮನೆಯಲ್ಲಿ ಏನು ಅರ್ಥವೆಂದು ಈಗ ತಮಗೆ ತಿಳಿದಿದೆ. ಆದರೆ ತಮ್ಮ ಮಳಿಗೆಯಲ್ಲಿ ಅದರ ಅರ್ಥ ‘ಹೂಂ’ ಎಂದು ನಾಲ್ಕು ವಸ್ತುಗಳನ್ನು ತಗುಲಿಸಿ, ತಳ ಕೊರೆದು, ಸ್ಥಾಪಿಸಿದವರು ತಾವೇ. ಆ ಅರ್ಥಕ್ಕೆ ತಾವು ಬದ್ಧರಾಗಿರತಕ್ಕದ್ದು. ತಾವು ಮೂರು ಸಲ ‘ಹೂಂ’ ಎಂದಿದ್ದೀರಿ. ಹೊದಿಕೆಯಿಲ್ಲದ, ದೀಪವಿಲ್ಲದ, ಕಂಬಿಯಿಲ್ಲದ, ಮೆಟ್ಟಿಲಿಲ್ಲದ, ಒಂದು ತೂತೂ ಇಲ್ಲದ ಅದೇ ಮಾದರಿಯ ಕಾರನ್ನು ಹೊರಗೆ ತಂದು ನಿಲ್ಲಿಸಿ. ಆಕೆ ಬಂದು, ಬೆನ್ನು ಕೊಟ್ಟು, ಕುಳಿತು ನೋಡುತ್ತಾರೆ. ಆಗ ತಮ್ಮವರು ಯಾರೂ ಕೈ ಚಾಚಕೂಡದು.