ಇಲ್ಲದ ವಾಲ್ವನ್ನು ತೆಗೆಸಿದವರು

2023ರ ಬೇಸಿಗೆ. ಆನ್‌ಲೈನಿನಲ್ಲಿ ಮಾರುವ ಹಳೇ ಕಾರುಗಳಿಗೆ ಕೊಡುವ ಎಕ್ಸ್‌ಟೆಂಡೆಡ್ ವಾರಂಟಿಯ ಕ್ಲೇಮುಗಳನ್ನು ಪರಿಶೀಲಿಸುವ ಗುತ್ತಿಗೆ ಇನ್‌ಸ್ಪೆಕ್ಟರ್ ಆಗಿ ನಾನಾಗ ಮಧುಗಿರಿಯಲ್ಲಿದ್ದೆ. ಶಿರಾ, ಕೊರಟಗೆರೆ, ಪಾವಗಡವೂ ನನ್ನ ಪಾಲಿಗೇ. ಕೆಟ್ಟ ಗಾಡಿಯನ್ನು ನನ್ನೆದುರೇ ಬಿಚ್ಚಬೇಕು, ನಾನು ಫೋಟೊ ತೆಗೆದು ವರದಿ ಕಳಿಸಬೇಕು, ಅದರ ಮೇಲೆ ಕಂಪನಿಯ ತೀರ್ಮಾನ. ಬೀಗ ಹಾಕಿದ ಬಾಗಿಲನ್ನು ಬೀದಿಯ ಕೊನೆಯಿಂದ ವಾಪಸು ಬಂದು ಎಳೆದು ನೋಡುವ ಮನುಷ್ಯ ನಾನು. ಇನ್ನೊಬ್ಬರ ಚಿಂತೆಯನ್ನೂ ತಲೆಗೆ ಕಟ್ಟಿಕೊಳ್ಳುವ ಇಂಥ ಕೆಲಸ ನನಗೇ ಸಿಕ್ಕಿತು.

ನಾಗಮಣಿಯವರ ಕಾರನ್ನು ಎಳೆದುತಂದು ಮಧುಗಿರಿಯ ಒಂದು ರಿಪೇರಿ ಶೆಡ್ಡಿನಲ್ಲಿ ನಿಲ್ಲಿಸಿದ್ದರು. ಪಾವಗಡದ ಈಕೆ ಮದುವಣಗಿತ್ತಿಯರಿಗೆ ಮೇಕಪ್ ಮಾಡುವವರು. ಬೆಳಕು ಹರಿಯುವ ಮೊದಲೇ ಛತ್ರ ಸೇರಬೇಕು, ಆ ಹೊತ್ತಿಗೆ ಬಸ್ಸಿಲ್ಲ. ಹಾಗಾಗಿ ಉಳಿತಾಯವನ್ನೆಲ್ಲ ಸುರಿದು, ಮೊಬೈಲಿನಲ್ಲೇ ನೋಡಿ, ಮನೆ ಬಾಗಿಲಿಗೆ ತರಿಸಿಕೊಂಡ ಕಾರು. ಎಲ್ಲ ಭಾಗಗಳನ್ನೂ ಪರೀಕ್ಷಿಸಲಾಗಿದೆ ಎಂಬ ಭರವಸೆ, ಜೊತೆಗೆ ಒಂದು ವರ್ಷದ ವಾರಂಟಿ. ಮೂರನೇ ತಿಂಗಳಲ್ಲೇ, ಶಿರಾದ ಮದುವೆ ಮುಗಿಸಿ ಮಧುಗಿರಿಗೆ ಬರುವಾಗ, ದೊಡ್ಡೇರಿ ಹತ್ತಿರ ಎಂಜಿನ್ ಕಾದು ನಿಂತಿತು. ಮುಂದಿನ ವಾರ ಕೊರಟಗೆರೆಯಲ್ಲಿ ಮದುವೆ, ಆಮೇಲೆ ಸೀಸನ್ ಪೂರ್ತಿ ಬುಕಿಂಗ್. ಕ್ಲೇಮ್ ಸಿಗದಿದ್ದರೆ ಕಾರು ಶೆಡ್ಡಿನಲ್ಲೇ ಉಳಿಯುತ್ತಿತ್ತು, ಬುಕಿಂಗ್‌ಗಳು ಬೇರೆಯವರ ಪಾಲಾಗುತ್ತಿದ್ದವು.

ಎಂಜಿನ್ ಬಿಸಿಯಾದ ಮೇಲೆ ತೆರೆದುಕೊಂಡು ನೀರನ್ನು ರೇಡಿಯೇಟರಿಗೆ ಬಿಡುವ ಚಿಕ್ಕ ವಾಲ್ವಿಗೆ ಥರ್ಮೋಸ್ಟಾಟ್ ಎನ್ನುತ್ತಾರೆ. ಅದನ್ನು ಕಿತ್ತುಹಾಕಿದರೆ ಗಾಡಿ ತಂಪಾಗಿರುತ್ತದೆ ಎಂಬುದು ನಮ್ಮ ಬಿಸಿಲು ಸೀಮೆಯ ಗ್ಯಾರೇಜುಗಳ ಹಳೇ ನಂಬಿಕೆ. ಈ ಕಾರಿನ ಎಂಜಿನ್ನಿನಲ್ಲಿ ಆಗುವುದು ತದ್ವಿರುದ್ಧ. ವಾಲ್ವ್ ಇಲ್ಲದಿದ್ದರೆ ಬಿಸಿನೀರಿನ ಬಹುಪಾಲು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲಿ ಎಂಜಿನ್ನಿಗೇ ಮರಳುತ್ತದೆ. ಗ್ರಾಹಕರೇ ಅದನ್ನು ತೆಗೆಸಿದ್ದರೆ ವಾರಂಟಿ ರದ್ದು.

ಬಿಚ್ಚಿ ನೋಡಿದೆವು. ವಾಲ್ವ್ ಇರಲಿಲ್ಲ.

"ನಾನೇ ತೆಗೆಸ್ದೆ ಸಾರ್," ಎಂದರು ನಾಗಮಣಿ, ಹೆಮ್ಮೆಯಿಂದಲೇ. "ಶಿರಾದಾಗೆ, ಬಾಬಣ್ಣನ ಗ್ಯಾರೇಜ್ನಾಗೆ. ಪಾವಗಡದ ಬಿಸ್ಲಿಗೆ ಅದನ್ನ ಇಟ್ಕಂಡು ಗಾಡಿ ಓಡಿಸಕ್ಕಾಯ್ತದಾ?"

"ಇದನ್ನ ಇನ್ಯಾರಿಗಾದ್ರೂ ಹೇಳಿದ್ದೀರಾ?" ಎಂದು ಕೇಳಿದೆ.

"ಕಂಪನಿಯಿಂದ ಫೋನ್ ಬಂದಾಗ ಹೇಳ್ದೆ. ಗಾಡೀನ ಚೆಂದಾಗಿ ನೋಡ್ಕಂಡಿವ್ನಿ ಅಂತ ಗೊತ್ತಾಗ್ಲಿ ಅಂತ. ಯಾಕೆ ಸಾರ್, ತಪ್ಪಾಯ್ತಾ?"

ಅಂಥ ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ. ಕಥೆ ಮುಗಿಯಿತು ಎಂದುಕೊಂಡೇ ಫೋಟೊ ತೆಗೆಯತೊಡಗಿದೆ. ಆಗ ಕಣ್ಣಿಗೆ ಬಿದ್ದದ್ದು, ವಾಲ್ವ್ ಕೂರಬೇಕಾದ ಅಂಚಿನ ಸುತ್ತ ಕಟ್ಟಿದ್ದ ತುಕ್ಕು. ಎಂಜಿನ್ ತಂಪಿಡುವ ನೀರು, ಅಂದರೆ ಕೂಲಂಟ್, ಹೊಸದು, ಹಸಿರು ಹಸಿರಾಗಿದೆ. ತುಕ್ಕು ಮಾತ್ರ ಉಗುರಿನಿಂದ ಕೆರೆದರೂ ಏಳುತ್ತಿಲ್ಲ. ವಾಲ್ವ್ ಕೂತಿದ್ದರೆ ಆ ಅಂಚಿಗೆ ತುಕ್ಕು ಹಿಡಿಯದು; ಈಕೆ ಕಾರು ಕೊಂಡ ಮೂರು ತಿಂಗಳಲ್ಲಿ ಇಷ್ಟು ಕಟ್ಟುವುದಿಲ್ಲ. ಹಾಗೆಂದುಕೊಂಡ ಮರುಕ್ಷಣವೇ ಅನುಮಾನ: ಈಕೆಗೆ ಒಳ್ಳೆಯದಾಗಲಿ ಎಂಬ ಆಸೆಗೆ ನನ್ನ ಕಣ್ಣಿಗೆ ತುಕ್ಕು ದಪ್ಪಗೆ ಕಾಣುತ್ತಿದೆಯೇ? ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ದಪ್ಪಗೇ ಇತ್ತು.

ಮಧ್ಯಾಹ್ನವೇ ಆಕೆಯನ್ನೂ ಕರೆದುಕೊಂಡು ಶಿರಾಕ್ಕೆ ಹೋದೆ. ಬಾಬು ಸ್ಪ್ಯಾನರ್ ಕೆಳಗಿಟ್ಟು, ನಾಗಮಣಿಯವರ ಮುಖ ನೋಡದೆ ನನ್ನೊಂದಿಗೆ ಮಾತಾಡಿದ.

"ಅದ್ರಾಗೆ ವಾಲ್ವೇ ಇರ್ಲಿಲ್ಲ ಸಾಬ್. ಮುಂಚೇನೇ ಯಾರೋ ಕಿತ್ಬುಟ್ಟಿದ್ರು. ನಾನು ಬಿಚ್ದೆ, ನೋಡ್ದೆ, ಮುಚ್ದೆ."

ನಾಗಮಣಿ ಸೊಂಟದ ಮೇಲೆ ಕೈಯಿಟ್ಟರು. "ಇಲ್ದಿರೋದನ್ನ ತೆಗೆಯಕ್ಕೆ ನನ್ನತ್ರ ದುಡ್ಡು ಇಸ್ಕಂಡ್ಯಾ ಬಾಬಣ್ಣ?"

"ಬಿಚ್ಚಿದ್ದು ಮುಚ್ಚಿದ್ದು ಕೂಲಿ ಅಲ್ವಾ ಅಕ್ಕಾ? ನೀನು ಹೆಣ್ಮಕ್ಳ ಮುಖಕ್ಕೆ ಇಲ್ದಿರೋ ಬಣ್ಣ ಬಳ್ದು ಇಸ್ಕಳಲ್ವಾ?"

ಆಕೆ ನಗು ತಡೆಯಲಾರದೆ ತಿರುಗಿ ನಿಂತರು. ನನಗೆ ನಗು ಬರಲಿಲ್ಲ. ಬಾಬು ಇದನ್ನು ಕಂಪನಿಯ ಮುಂದೆಯೂ ಹೇಳಬೇಕಿತ್ತು. ಹೇಳಿದರೆ, ಮಾಡದ ಕೆಲಸಕ್ಕೆ ಹಣ ಪಡೆದ ಮಾತು ಶಿರಾದ ಗಿರಾಕಿಗಳ ಕಿವಿಗೂ ಬೀಳುತ್ತದೆ. ಅವನು ಕೈಗೆ ಮೆತ್ತಿದ ಗ್ರೀಸ್ ಒರೆಸಿಕೊಂಡ. "ಹಾಕ್ಬುಡಿ ಸಾಬ್, ವಿಡಿಯೊ ಕಾಲ್. ಅಕ್ಕನ ಹೊಟ್ಟೆ ಮೇಲೆ ಯಾಕೆ ಹೊಡೀಲಿ."

ಕಂಪನಿಯ ಅಧಿಕಾರಿ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರು: "ಸರ್, ಗ್ರಾಹಕರೇ ಒಪ್ಕೊಂಡಿದ್ದಾರೆ. ನಿಮ್ಮನ್ನ ಕೇಳಿರೋದು ವಾಲ್ವ್ ಇದೆಯಾ, ಇಲ್ವಾ ಅಂತ ಅಷ್ಟೇ."

ಇಲ್ಲ ಎಂದಷ್ಟೇ ಬರೆದಿದ್ದರೆ ಸುಳ್ಳೂ ಆಗುತ್ತಿರಲಿಲ್ಲ, ನನ್ನ ಗುತ್ತಿಗೆಗೂ ಕುತ್ತು ಬರುತ್ತಿರಲಿಲ್ಲ. 'ಇಲ್ಲ, ಮಾರಾಟಕ್ಕೆ ಮೊದಲೇ ಇರಲಿಲ್ಲ' ಎಂದು ಬರೆದು, ತುಕ್ಕಿನ ಫೋಟೊ ಸೇರಿಸಿ, ಕಳಿಸುವ ಗುಂಡಿ ಒತ್ತಿದೆ. ಒತ್ತಿದ್ದು ಹೋಗಿದೆಯೋ ಇಲ್ಲವೋ ಎಂದು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ಕೊರಟಗೆರೆಯ ಮದುವೆಗೆ ನಾಗಮಣಿ ಪರಿಚಯದವರ ಹೂವಿನ ಟೆಂಪೊದಲ್ಲಿ ಹೋದರು. ಅದಾದ ಮೇಲೆ ನನ್ನ ವರದಿಯ ಆಧಾರದಲ್ಲೇ ಕ್ಲೇಮ್ ಪಾಸಾಯಿತು. ಸೀಸನ್ನಿನ ಉಳಿದ ಮದುವೆಗಳಿಗೆಲ್ಲ ಅವರು ತಮ್ಮ ಕಾರಿನಲ್ಲೇ ಹೋದರು. ನನಗೆ ಕೆಲವು ತಿಂಗಳು ಕೇಸುಗಳು ಕಡಿಮೆಯಾದವು. ಅದು ಕಾಕತಾಳೀಯವೋ ಏನೋ ಎಂದು ಈಗಲೂ ಯೋಚಿಸುತ್ತೇನೆ.

ಆನ್‌ಲೈನಿನಲ್ಲಿ ಹಳೇ ಕಾರು ಕೊಳ್ಳುವವರಿಗೆ ನಾನು ಹೇಳುವುದಿಷ್ಟೆ: ಪರೀಕ್ಷಿಸಿದ್ದೇವೆ ಎಂದು ಮಾರುವವರು ಎಷ್ಟೇ ಹೇಳಲಿ, ದುಡ್ಡು ಪೂರ್ತಿ ಕೊಡುವ ಮೊದಲು ನಿಮ್ಮ ಮೆಕ್ಯಾನಿಕ್ಕಿಗೆ ತೋರಿಸಿ. ವಾರಂಟಿ ಇರುವತನಕ ಯಾವುದನ್ನೂ ಕಿತ್ತುಹಾಕಿಸಬೇಡಿ. ನನಗೆ ಈ ಕೆಲಸ ಕಲಿಸಿದ್ದು ಬೇರೆ. ತನ್ನ ಪರವಾಗಿ ಮಾತಾಡುವ ಗ್ರಾಹಕನನ್ನು ಎಲ್ಲರೂ ಅನುಮಾನಿಸುತ್ತಾರೆ. ತಪ್ಪು ನನ್ನದೇ ಎಂದವರ ಮಾತನ್ನು ಮಾತ್ರ ಯಾರೂ ಬಿಚ್ಚಿ ನೋಡುವುದಿಲ್ಲ. ಅದನ್ನು ನಂಬಿದರೆ ಎಲ್ಲರ ಕೆಲಸವೂ ಬೇಗ ಮುಗಿಯುತ್ತದೆ.