ಸೋಮವಾರ, ಗುರುವಾರ, ಆರೂವರೆಗೆ

ಹಲ್ಲಿನ ಸೆಟ್ಟು ಮಾಡುವುದು ಅವನ ಕೆಲಸ. ಮೂವರು ದಂತವೈದ್ಯರು ಒಂದೇ ಕಟ್ಟಡದಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದರು. ಅದರ ಹಿಂಭಾಗದ ಕಿಟಕಿ ಇಲ್ಲದ ಕೋಣೆಯಲ್ಲಿ ಅವನು ಇಪ್ಪತ್ತೊಂಬತ್ತು ವರ್ಷದಿಂದ ಕೂತಿದ್ದ. ಬಾಯಿಯ ಅಚ್ಚು ಬಂದರೆ ಪ್ಲಾಸ್ಟರ್ ಹೊಯ್ಯುತ್ತಿದ್ದ, ಮೇಣದಲ್ಲಿ ವಸಡು ಮಾಡಿ ಹಲ್ಲುಗಳನ್ನು ಒಂದೊಂದಾಗಿ ಕೂರಿಸುತ್ತಿದ್ದ, ಉಜ್ಜಿ ಹೊಳಪು ಕೊಡುತ್ತಿದ್ದ. ಅವನು ಮಾಡಿದ ಹಲ್ಲಿನಿಂದ ಅಗಿಯುವವರು ಊರ ತುಂಬ ಇದ್ದರು. ಅವರಲ್ಲಿ ಒಬ್ಬರಿಗೂ ಅವನ ಮುಖ ಗೊತ್ತಿರಲಿಲ್ಲ.

ಮದುವೆ ಆಗಿರಲಿಲ್ಲ. ಬೇಡ ಅಂತೇನೂ ಅಲ್ಲ. ಅಕ್ಕನದು ಮೊದಲು ಆಗಲಿ ಎಂದು ಕಾಯುತ್ತ ಕಾಯುತ್ತ ಇಬ್ಬರ ತಲೆಯೂ ನರೆತಿತ್ತು. ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಎರಡು ಕೋಣೆಯ ಮನೆ ಅವಳ ಮಾತಿನ ಮೇಲೆ ನಡೆಯುತ್ತಿತ್ತು. ಅವಳು ಊಟಕ್ಕೆ ಕರೆದಾಗ ಊಟ, ಅವಳು ರೇಡಿಯೋ ಆರಿಸಿದಾಗ ನಿದ್ದೆ. ಹೀಗಿರುವಾಗ, ನಿವೃತ್ತಿಯಾದ ಮೂರು ತಿಂಗಳಿಗೆ, ಅರವತ್ತೊಂದನೇ ವಯಸ್ಸಿನಲ್ಲಿ, ಅವಳು ಒಂದು ಸಂಜೆ ಬಟ್ಟೆ ಮಡಿಸುತ್ತ ತಲೆ ಎತ್ತದೆ ಹೇಳಿದಳು:

"ನಾನು ಮದುವೆ ಆಗ್ತಿದೀನಿ ಕಣೋ."

ಅವನು ತಮಾಷೆ ಎಂದುಕೊಂಡು ನಕ್ಕ. ಅಕ್ಕ ನಗಲಿಲ್ಲ. ಗಂಡು, ಹಿಂದೆ ಕಾಲು ಮುರಿದುಕೊಂಡು ಅವಳ ವಾರ್ಡಿನಲ್ಲಿ ಮಲಗಿದ್ದ ಗಡಿಯಾರ ರಿಪೇರಿಯವನು. ಹೆಂಡತಿ ತೀರಿಹೋಗಿ ಎಂಟು ವರ್ಷ ಆಗಿತ್ತು. ರಿಜಿಸ್ಟ್ರಾರ್ ಕಚೇರಿಯಲ್ಲಿ ತಮ್ಮನೇ ಸಾಕ್ಷಿಯಾಗಿ ಸಹಿ ಹಾಕಿದ. ಅಕ್ಕನ ಎರಡು ಪೆಟ್ಟಿಗೆಗಳನ್ನು ಭಾವನ ಮನೆಯ ಮೂರನೇ ಮಹಡಿಗೆ ತಾನೇ ಹೊತ್ತು ಹಾಕಿದ. ಭಾನುವಾರ ಭಾನುವಾರ ಊಟಕ್ಕೆ ಬಾ ಎಂದರು. ಹೋಗುತ್ತಿದ್ದ. ಆದರೆ ಅವರಿಬ್ಬರ ನಡುವೆ ಆಗಲೇ ಅವನಿಗೆ ಗೊತ್ತಿಲ್ಲದ ತಮಾಷೆಗಳು ಹುಟ್ಟಿಕೊಂಡಿದ್ದವು. ಅವರು ನಕ್ಕಾಗ ಇವನೂ ಅರ್ಧ ನಗುತ್ತಿದ್ದ.

ಮನೆಗೆ ಹೋಗಿ ಮಾಡುವುದೇನು ಎಂದು ಎಂಟು ಗಂಟೆಯವರೆಗೂ ಕೋಣೆಯಲ್ಲೇ ಬಗ್ಗಿ ಕೂರತೊಡಗಿದ. ಎರಡು ತಿಂಗಳಿಗೆ ಕತ್ತು ಹಿಡಿದುಕೊಂಡಿತು. ಔಷಧಿಯಿಂದ ಇದು ಹೋಗುವುದಿಲ್ಲ, ಮೈ ಅಲ್ಲಾಡುವಂಥ ಏನಾದರೂ ಮಾಡಿ ಎಂದು ವೈದ್ಯರು ಗದರಿಸಿದರು. ಅವನು ನಡೆಯಲು ಶುರುಮಾಡಿದ. ಬೀದಿ ಬೀದಿ ಸುತ್ತಿದ. ನಡೆದಷ್ಟೂ ಯೋಚನೆ ಜಾಸ್ತಿಯಾಯಿತೇ ಹೊರತು ಕತ್ತು ಸಡಿಲವಾಗಲಿಲ್ಲ.

ಒಂದು ಸೋಮವಾರ ಗ್ರಂಥಾಲಯದ ಮುಂದೆ ಹೋಗುವಾಗ ಮೇಲಿನಿಂದ ಟಕ್ ಟಕ್ ಎಂಬ ಸದ್ದು ಕೇಳಿಸಿತು. ಸುಮ್ಮನೆ ಮೆಟ್ಟಿಲು ಹತ್ತಿದ. ಹಳೇ ಕುರ್ಚಿಗಳನ್ನು ಪೇರಿಸಿಟ್ಟ ಹಾಲಿನಲ್ಲಿ ಒಂದು ಟೇಬಲ್ ಟೆನಿಸ್ ಮೇಜು. ಅದರ ಒಂದು ಅರ್ಧವನ್ನು ಗೋಡೆಯ ಹಾಗೆ ಮೇಲೆತ್ತಿ ನಿಲ್ಲಿಸಿಕೊಂಡು, ಖಾಕಿ ಸಮವಸ್ತ್ರದ ಬಸ್ ಕಂಡಕ್ಟರ್ ಒಬ್ಬಳು ಅದಕ್ಕೇ ಚೆಂಡು ಹೊಡೆಯುತ್ತಿದ್ದಳು. ನಲವತ್ತೈದರ ಆಸುಪಾಸಿನ ಹೆಂಗಸು. ಇವನನ್ನು ಕಂಡವಳೇ ಆಟ ನಿಲ್ಲಿಸಿ ಆ ಅರ್ಧವನ್ನು ಕೆಳಗಿಳಿಸಿದಳು.

"ಆಡ್ತೀರಾ?"

"ನನಗೆ ಬರಲ್ಲ ಮೇಡಂ."

"ಬರೋರು ಯಾರೂ ಈ ಮೆಟ್ಟಿಲು ಹತ್ತಲ್ಲ ಸರ್. ಬ್ಯಾಟು ಹಿಡ್ಕೊಳಿ."

ಆ ದಿನ ಅವನು ಆಡಿದ್ದಕ್ಕಿಂತ ಕುರ್ಚಿಗಳ ಅಡಿಯಿಂದ ಚೆಂಡು ಹೆಕ್ಕಿದ್ದೇ ಹೆಚ್ಚು. ಮರುದಿನ ತೊಡೆ, ಸೊಂಟ, ಭುಜ ಎಲ್ಲ ಒಟ್ಟಿಗೆ ದೂರು ಹೇಳಿದವು. ಆದರೂ ಅವಳು ಹೇಳಿದ್ದ ಹಾಗೆ ಗುರುವಾರ ಆರೂವರೆಗೆ ಹೋಗಿ ನಿಂತ. ಅವಳ ಪಾಳಿ ಮುಗಿಯುತ್ತಿದ್ದದ್ದು ಆ ಎರಡು ದಿನ ಮಾತ್ರ ಬೇಗ.

ಇಡೀ ದಿನ ಕೂಗಿ ಕೂಗಿ ಸಾಕಾಗಿರುತ್ತಿದ್ದುದರಿಂದ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಸರ್ವಿಸ್ ಮಾಡುವಾಗ ಮಾತ್ರ ಅಭ್ಯಾಸಬಲದಿಂದ "ರೈಟ್" ಎನ್ನುತ್ತಿದ್ದಳು. ಮನೆ ಎಲ್ಲಿ, ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದು ಇವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆದರೆ ಅವಳಿಗೆ ಬಸ್ಸಿನಲ್ಲಿ ಯಾರ ಜೊತೆಗಾದರೂ ಜಗಳವಾಗಿದ್ದರೆ ಅದು ಮೊದಲನೇ ಹೊಡೆತದಲ್ಲೇ ಇವನಿಗೆ ತಿಳಿಯುತ್ತಿತ್ತು. ಏಳು ತಿಂಗಳು ಆಡಿದ, ಏಳು ತಿಂಗಳೂ ಸೋತ. ಕತ್ತು ಯಾವಾಗ ಸರಿಹೋಯಿತು ಎಂಬುದು ಅವನ ಗಮನಕ್ಕೇ ಬರಲಿಲ್ಲ. ಮಂಗಳವಾರ ಬುಧವಾರಗಳನ್ನು ಹೇಗೋ ತಳ್ಳುತ್ತಿದ್ದ. ಮೇಣದಲ್ಲಿ ಹಲ್ಲು ಕೂರಿಸುವಾಗಲೂ ಅವಳು ತಿರುಗಿಸಿ ಹಾಕುವ ಚೆಂಡನ್ನು ಹೇಗೆ ಎತ್ತಬೇಕು ಎಂದೇ ಯೋಚನೆ.

ಎಂಟನೇ ತಿಂಗಳಿನ ಒಂದು ಸೋಮವಾರ ಅವಳು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ, "ಗುರುವಾರದಿಂದ ನಾನು ಬರಲ್ಲ ಸರ್. ಬೇರೆ ಡಿಪೋಗೆ ಹಾಕಿದಾರೆ," ಎಂದಳು.

"ಎಷ್ಟು ದೂರ?"

"ಬಸ್ಸಲ್ಲಿ ಐದು ಗಂಟೆ."

ಅವನು ಚೆಂಡನ್ನು ಅಂಗೈಯಲ್ಲಿ ಹೊರಳಿಸಿದ. "ಹಾಗಾದ್ರೆ ಇನ್ನೊಂದು ಗೇಮ್ ಆಡೋಣ," ಎಂದ.

ಒಂದಲ್ಲ, ಐದು ಆಡಿದರು. ಐದೂ ಸೋತ, ಕೊನೆಯದನ್ನು ಹನ್ನೊಂದು ಒಂಬತ್ತರಲ್ಲಿ. ಏನಾದರೂ ಹೇಳಬೇಕು ಅನ್ನಿಸಿತು. ಬಾಯಿಗೆ ಬಂದದ್ದು, ನಿಮ್ಮ ಬ್ಯಾಟಿನ ರಬ್ಬರ್ ಸವೆದಿದೆ, ಬದಲಾಯಿಸಿಕೊಳ್ಳಿ ಎಂಬ ಮಾತು. ಅವಳು ಆಗಲಿ ಎಂದು ತಲೆಯಾಡಿಸಿ, ಚೀಲ ಹೆಗಲಿಗೇರಿಸಿ, ಮೆಟ್ಟಿಲಿಳಿದು ಹೋದಳು. ಫೋನ್ ನಂಬರ್ ಕೇಳಬಹುದಿತ್ತು ಎಂದು ಹೊಳೆದದ್ದು ಅವನು ಮನೆಯ ಬೀಗ ತೆಗೆಯುವಾಗ.

ಗುರುವಾರ ಅಲ್ಲಿಗೆ ಹೋಗುವುದೋ ಬೇಡವೋ ಎಂದು ಎರಡು ಸಲ ದಾರಿ ಬದಲಿಸಿ, ಕಡೆಗೂ ಹೋದ. ಮೇಜಿನ ಅರ್ಧವನ್ನು ತಾನೇ ಎತ್ತಿ ನಿಲ್ಲಿಸಿದ. ಹಲಗೆ ತಪ್ಪು ಮಾಡುವುದಿಲ್ಲ, ದಣಿಯುವುದಿಲ್ಲ, ಎಷ್ಟು ಜೋರಾಗಿ ಹೊಡೆದರೆ ಅಷ್ಟೇ ಜೋರಾಗಿ ಹಿಂದಿರುಗಿಸುತ್ತದೆ. ಒಂದು ಮಾತೂ ಆಡುವುದಿಲ್ಲ. ಚಳಿಗಾಲ ಮುಗಿದು ಹಾಲಿನಲ್ಲಿ ಸೆಕೆ ಶುರುವಾಗುವವರೆಗೂ ಅವನು ಹಲಗೆಯ ಜೊತೆ ಆಡಿದ. ನಾಚಿಕೆ ಬಿಟ್ಟು ಗ್ರಂಥಪಾಲಕನನ್ನೂ ಕರೆದು ನೋಡಿದ. ಅವನು ಮಂಡಿ ನೋವು ಎಂದು ಕೈ ಮುಗಿದ.

ಬೇಸಿಗೆಯಲ್ಲಿ ಗ್ರಂಥಾಲಯದ ಬಾಗಿಲಿಗೆ ಒಂದು ಕಾಗದ ಅಂಟಿಸಿದರು. ಪಕ್ಕದ ಪಟ್ಟಣದಲ್ಲಿ ಐವತ್ತು ದಾಟಿದವರ ಪಂದ್ಯ. ಅಕ್ಕನಿಗೆ, ಈ ಭಾನುವಾರ ಬರಲಾಗುವುದಿಲ್ಲ, ಕೆಲಸ ಇದೆ ಎಂದಷ್ಟೇ ಹೇಳಿ ಹೊರಟ. ಮೊದಲನೇ ಸುತ್ತಿನಲ್ಲಿ ಎದುರಾದದ್ದು ನಿವೃತ್ತ ಪೋಸ್ಟ್‌ಮ್ಯಾನ್. ಇಪ್ಪತ್ತು ನಿಮಿಷಕ್ಕೆ ಮೂರೂ ಗೇಮ್ ಸೋತ: ಹನ್ನೊಂದು ಆರು, ಹನ್ನೊಂದು ಎಂಟು, ಹನ್ನೆರಡು ಹತ್ತು. ಕೊನೆಯದು ಕೈಗೆ ಬಂದು ಜಾರಿತು. ಸುತ್ತ ಇದ್ದವರು ಚಪ್ಪಾಳೆ ತಟ್ಟಿದರು. ಅದರಲ್ಲಿ ತನ್ನ ಪಾಲೂ ಇದೆ ಎಂದು ಅವನಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು.

ವಾಪಸ್ ಬಸ್ಸು ಇದ್ದದ್ದು ಐದಕ್ಕೆ. ಅಲ್ಲಿಯವರೆಗೆ ಏನು ಮಾಡುವುದೆಂದು ನಿಂತಿದ್ದಾಗ, ಅಂಕದ ಹಲಗೆ ತಿರುಗಿಸುವವರು ಬಂದಿಲ್ಲ, ಸ್ವಲ್ಪ ಕೂರುತ್ತೀರಾ ಎಂದು ಯಾರೋ ಕೇಳಿದರು. ಕೂತ. ಆರು ಪಂದ್ಯಗಳಿಗೆ ಅಂಕ ತಿರುಗಿಸಿದ. ಹೊರಡುವಾಗ ಪುಸ್ತಕ ಹಿಡಿದಿದ್ದ ಹೆಂಗಸು ಮುಂದಿನ ವರ್ಷಕ್ಕೂ ಹೆಸರು ಬರೆದುಕೊಂಡಳು.

"ಡಬಲ್ಸಿಗೆ ಜೊತೆ ಯಾರಾದ್ರೂ ಇದಾರಾ?"

"ಸದ್ಯಕ್ಕೆ ನಾನೊಬ್ಬನೇ," ಎಂದ.

ಅವಳು ಡಬಲ್ಸಿನ ಸಾಲಿನಲ್ಲೂ ಅವನ ಹೆಸರು ಬರೆದು, ಅದರ ಪಕ್ಕ ಜಾಗ ಬಿಟ್ಟಳು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮೀನಖಂಡ ಸೆಳೆಯುತ್ತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಊರು ಬಂದಾಗ ಇಳಿದು, ನಿಲ್ದಾಣದ ಎದುರಿನ ಹೋಟೆಲಿನ ಮೂಲೆಯ ಮೇಜಿಗೆ ಕೂತು, ಎರಡು ಸಲ ಹಾಕಿಸಿಕೊಂಡು ಉಂಡ.