ಕಲ್ಲಿನಾಚೆಯ ಚರಗ

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬೇಯುವ ವಾಸನೆ ಬಂದರೆ ಸಾಕು, ಆಳಂದದ ಗಡಿಯಲ್ಲಿದ್ದ ನಮ್ಮ ಹೊಲ ಕಣ್ಣ ಮುಂದೆ ಬರುತ್ತದೆ. ಎಂಥ ಚೋದ್ಯದ ಹೊಲ ಅದು! ನಟ್ಟನಡುವೆ ಗಡಿಕಲ್ಲು, ಈಚೆ ನಿಜಾಮರ ಮೊಗಲಾಯಿ, ಆಚೆ ಸೊಲ್ಲಾಪುರ ಸೀಮೆ. ದೇಶಕ್ಕೆ ಸ್ವಾತಂತ್ರ್ಯ ಬಂದಾಗ ನಮ್ಮ ಅರ್ಧ ಜೋಳಕ್ಕೆ ಮಾತ್ರ ಬಂತು. ಗುಬ್ಬಿಗಳು ಎರಡೂ ಸರಕಾರದ ತೆನೆ ತಿಂದು ಹಾರಿಹೋಗುತ್ತಿದ್ದವು, ಅವಕ್ಕೆ ಯಾರೂ ಚೀಟಿ ಕೇಳುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಗಲಾಟೆ ಹೆಚ್ಚಿ, ಯಾರೂ ಕಲ್ಲು ದಾಟಕೂಡದೆಂದು ಹುಕುಂ ಆಯಿತು. ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ಅಂದು ರೊಟ್ಟಿ, ಭಜ್ಜಿ ಪಲ್ಯ ಕಲಸಿ ಹೊಲದ ಸುತ್ತ ಚೆಲ್ಲಿ ಭೂಮಿತಾಯಿಗೆ ಉಣಿಸಬೇಕು, ಅದೇ ಚರಗ. ನನ್ನ ಅಜ್ಜಿ, ನಾವು ಆಯಿ ಅನ್ನುತ್ತಿದ್ದೆವು, ನಲವತ್ತು ವರ್ಷ ಒಂದು ಸುತ್ತೂ ತಪ್ಪಿಸಿದವಳಲ್ಲ. ಬುಟ್ಟಿ ಹೊತ್ತು ಕಲ್ಲಿನ ತನಕ ಬಂದಾಗ ಗಡಿ ಕಾಯುವ ನಾಕಾದ ಜವಾನ ಮಹಬೂಬ್ ಸಾಬ ಅಡ್ಡ ನಿಂತ.

"ದಾಟಬ್ಯಾಡ್ರಿ ಅಮ್ಮಾ. ಮ್ಯಾಲಿನವರ ಹುಕುಂ ಅದ."

"ತಾಯಿಗಿ ಅರ್ಧಾ ಹೊಟ್ಟಿ ಉಣಸ್ಲೇನೋ, ಮಹಬೂಬ?"

ಅವನು ತಲೆ ಕೆರೆದುಕೊಂಡ. ಆಮೇಲೆ ಕೋಲು ಕಲ್ಲಿಗೆ ಒರಗಿಸಿ, "ಬುಟ್ಟಿ ಇಲ್ಲಿ ಕೊಡ್ರಿ. ನಾನೇ ಹೋಗಿ ಬರ್ತೇನಿ" ಅಂದ.

"ಹುಕುಂ ನಿನಗಿಲ್ಲೇನು?"

"ನಿಮ್ಮನ್ನ ಕಾಯಾಕ ನಾ ಅದೀನ್ರಿ. ನನ್ನ ಕಾಯೋರು ಇಲ್ಲಿ ಯಾರದಾರ?"

ಯಾರಾದರೂ ಕಂಡು ಚಾಡಿ ಹೇಳಿದ್ದರೆ ಅವನ ನೌಕರಿ ಅಂದೇ ಹೋಗುತ್ತಿತ್ತು. ಆದರೂ ನಿಜಾಮರ ಖಾಕಿ ತೊಟ್ಟ ಆ ಮನುಷ್ಯ ಪರರಾಜ್ಯಕ್ಕೆ ನುಗ್ಗಿ, "ಹುಲಿಗ್ಯೋ, ಹುಲಿಗ್ಯೋ" ಎಂದು ಚರಗದ ಕೂಗು ಹಾಕುತ್ತ ಚೆಲ್ಲಿದ. ಆಯಿ ಈಚೆಯಿಂದಲೇ, "ಬಿತ್ತಿಗಿ ಮಾಡಾಕತ್ತಿಯೇನೋ? ಕೈಬಿಚ್ಚಿ ಚೆಲ್ಲೋ!" ಎಂದು ಗದರಿದಳು. ಗದರುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂಥ ದೊಡ್ಡ ಮನಸ್ಸಿನವನನ್ನು ನಾನು ಮತ್ತೆ ಕಾಣಲಿಲ್ಲ. ಮರಳಿ ಬಂದು ನಮ್ಮೊಂದಿಗೇ ಕೂತು ಹೊಟ್ಟೆ ತುಂಬ ಉಂಡ.

ಮಳೆಗಾಲ ಮುಗಿಯುವ ಹೊತ್ತಿಗೆ ದಿಲ್ಲಿಯ ದಂಡು ಬಂತು, ಮೊಗಲಾಯಿ ಹೋಯಿತು. ನಾವೂ ಸಿಹಿ ಹಂಚಿದೆವು. ನಾಕಾ ಬರಿದಾಯಿತು. ಆಳಂದದಲ್ಲಿ ಮಹಬೂಬ್ ಸಾಬನ ಮನೆಗೆ ಬೀಗ ಬಿದ್ದಿತ್ತು. ಅವನು ಎಲ್ಲಿ ಹೋದ, ಏನಾದ ಎಂದು ಆಯಿ ಕಂಡಕಂಡವರನ್ನು ಕೇಳಿದಳು. ಎಲ್ಲರೂ ಮಾತು ಬದಲಿಸಿದರು.

ಮತ್ತೆ ಎಳ್ಳಮಾವಾಸ್ಯೆ ಬಂದಾಗ ತಡೆಯುವವರು ಯಾರೂ ಇರಲಿಲ್ಲ. ಈಚೆಯ ಅರ್ಧ ಸುತ್ತು ಮುಗಿಸಿ ಅಪ್ಪ ಕಲ್ಲು ದಾಟಲು ಹೊರಟ. ಆಯಿ ಅವನ ಕೈಯಿಂದ ಬುಟ್ಟಿ ಕಸಿದುಕೊಂಡಳು.

"ಇಲ್ಲಿಂದ ಮುಂದ ಅವಂದು" ಅಂದಳು.

ಹೊತ್ತು ಇಳಿಯುವವರೆಗೆ ಬದುವಿನ ಮೇಲೆ ಕೂತಿದ್ದು, ನಲವತ್ತು ವರ್ಷದಲ್ಲಿ ಮೊದಲ ಸಲ ಆಯಿ ಅರ್ಧ ಹೊಲಕ್ಕೆ ಉಣಿಸದೆ ಮನೆಗೆ ಬಂದಳು.